ಸಾಗರದ ಶಿಬಿರದಲ್ಲಿ ನಾನು ಆಡಿದ ಮಾತು

ಅಕ್ಕ ನೋವಿನ ಗುಳಿಗೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾಳೆ ಎನ್ನುವುದು ನನಗೆ ಗೊತ್ತಾದದ್ದು ಅವಳ ಹಾಸಿಗೆ ಕೊಡವುವಾಗ. ದಿಂಬಿನ ಕವರಿನೊಳಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಬರೀ ಅರ್ಧ ಗುಳಿಗೆಗಳು. ಶಿವಮೊಗ್ಗದ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬರೆದುಕೊಟ್ಟಿದ್ದರು. ಇವಳು ಬ್ಲೇಡಿನಲ್ಲಿ ಸೀಳಿ ಅರ್ಧ ನುಂಗಿ, ಇನ್ನರ್ಧವನ್ನು ಮುಂದಿನ ವಾರಕ್ಕೆಂದು ಕೂಡಿಡುತ್ತಿದ್ದಳು.

ನಾನು ಕೂಗಾಡಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು.

"ಅರ್ಧಕ್ಕೇ ಕಡಿಮೆ ಆಗ್ತದೆ ಮಾರಾಯ್ತಿ. ಇಡೀದು ನುಂಗಿ ಎಂತಕ್ಕೆ ದಂಡ ಮಾಡೋದು?" ಎಂದಳು ಅಕ್ಕ.

ಅದು ಸುಳ್ಳು. ಹೊಸನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಅಕ್ಕನ ಮಂಚ ಅದರ ಹಿಂದಿನ ಕೋಣೆಯಲ್ಲಿತ್ತು. ನಾನು ಮಿಷನ್ ತುಳಿಯುವಾಗ ಮಾತ್ರ ಅವಳು ನರಳುತ್ತಿದ್ದಳು. ಮಿಷನ್ ನಿಂತರೆ ನರಳುವುದನ್ನೂ ನಿಲ್ಲಿಸುತ್ತಿದ್ದಳು. ನಡುವೆ ಒಮ್ಮೊಮ್ಮೆ ದಾರ ತುಂಡಾಗಿ ನಾನು ತಟ್ಟನೆ ನಿಲ್ಲಿಸಿದಾಗ ಅವಳ ದನಿ ಅರ್ಧದಲ್ಲಿ ಸಿಕ್ಕಿಬೀಳುತ್ತಿತ್ತು. ಹಾಗಾಗಿಯೇ ನನಗೆ ಗೊತ್ತಾದದ್ದು. ಅದಕ್ಕೂ ಎರಡು ತಿಂಗಳು ಬೇಕಾಯಿತು, ನಾನು ಅಷ್ಟು ಜಾಣೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಹೇಳದೆ ಕೇಳದೆ ಹೋದ. ಅವಳು ಯಾರ ಮನೆಯ ಬಾಗಿಲಿಗೂ ಬರಲಿಲ್ಲ. ತೀರ್ಥಹಳ್ಳಿಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿಕೊಂಡಳು. ಗುತ್ತಿಗೆಯ ಕೆಲಸ, ಬಿಟ್ಟ ದಿನವೇ ಸಂಬಳ ಬಂದ್. ಆದರೂ ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಹಬ್ಬಕ್ಕೆ ನಮ್ಮ ಮನೆಗೆ ಬರುವಾಗ ನನಗೊಂದು ಸೀರೆ, ನಮ್ಮವರಿಗೊಂದು ಪಂಚೆ ತರುತ್ತಿದ್ದಳು. ಬೇಡ ಎಂದರೆ ಸಿಟ್ಟು ಬರುತ್ತಿತ್ತು. ನಮ್ಮವರು ಮಾಸ್ತಿಕಟ್ಟೆ ಕಡೆ ಗುತ್ತಿಗೆ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಮನೆಗೆ ಬರುವವರು. ಅವರಿಗೂ ಅಕ್ಕನೆಂದರೆ ಸ್ವಲ್ಪ ಹೆದರಿಕೆಯೇ.

ಎದೆಯ ಗಂಟನ್ನು ಅವಳು ಎಷ್ಟು ದಿನ ಮುಚ್ಚಿಟ್ಟಿದ್ದಳೋ ದೇವರಿಗೇ ಗೊತ್ತು. ಎಡಗಡೆಯದನ್ನು ತೆಗೆದರು. ಆಮೇಲೆ ಎಡತೋಳು ಊದಿಕೊಂಡಿತು, ಇಳಿಯಲೇ ಇಲ್ಲ. ಒಂದು ವರ್ಷ ಆರಾಮಿದ್ದಳು ಎನ್ನುವಷ್ಟರಲ್ಲಿ ಸೊಂಟದ ಮೂಳೆಗೆ ಬಂತು. ಆಗಲೇ ನಾನು ತೀರ್ಥಹಳ್ಳಿಯ ಕೋಣೆ ಬಿಡಿಸಿ ಅವಳನ್ನು ನಮ್ಮ ಮನೆಗೆ ಕರೆತಂದದ್ದು. ಆಸ್ಪತ್ರೆಯೊಳಗಿನ ಖರ್ಚನ್ನೆಲ್ಲ ಸರ್ಕಾರದ ಆರೋಗ್ಯ ಕಾರ್ಡು ನೋಡಿಕೊಂಡಿತು, ಸುಳ್ಳು ಹೇಳಬಾರದು. ಆದರೆ ಇನ್ನು ಇಲ್ಲಿ ಮಾಡುವುದೇನೂ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ಮೇಲೆ ಕಾರ್ಡು ಕಪಾಟಿನಲ್ಲಿ ಉಳಿಯಿತು. ಗುಳಿಗೆ, ಬಸ್ಸು, ಆಟೋ, ಮೂಗಿಗೆ ಹೊಡೆಯುವ ವಾಸನೆಯ ಮುಲಾಮು ಎಲ್ಲ ನನ್ನ ಮಿಷನ್ನಿನಿಂದಲೇ ಬರಬೇಕಾಯಿತು. ಅದು ಅಕ್ಕನಿಗೆ ನುಂಗಲಾರದ ತುತ್ತಾಯಿತು.

ಅವತ್ತು ಪೊಟ್ಟಣ ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಅಕ್ಕ ಹೇಳಿದಳು: "ನಂದು ಅಂತ ಒಂದು ದುಡ್ಡು ಬರೋ ಹಂಗೆ ಮಾಡು. ಆವಾಗ ಇಡೀ ಗುಳಿಗೆ ತಗೊಳ್ತೀನಿ. ನಿನ್ನ ಕಣ್ಣು ಹೋಗೋ ಹಂಗೆ ಹೊಲಿದ ದುಡ್ಡಲ್ಲಿ ಬ್ಯಾಡ."

ಅಲ್ಲಿಂದ ಶುರುವಾಯಿತು ನನ್ನ ಓಡಾಟ. ಅಕ್ಕನಿಗೆ ಅವಳದೇ ಆದ ಒಂದು ದುಡ್ಡು ಬರಬೇಕು, ಅವಳು ಇಡೀ ಗುಳಿಗೆ ನುಂಗಬೇಕು. ನನಗೆ ಬೇರೆ ಇನ್ನೇನೂ ಬೇಕಿರಲಿಲ್ಲ.

ನಾಡಕಚೇರಿಯಲ್ಲಿ ಕೇಳಿದೆ. ವಿಧವಾ ವೇತನಕ್ಕೆ ಗಂಡ ಸತ್ತಿರಬೇಕು. ಅಕ್ಕನ ಗಂಡ ಸತ್ತಿದ್ದಾನೋ ಇದ್ದಾನೋ ಹೇಳುವವರಿಲ್ಲ. ವಿಚ್ಛೇದನದ ಕಾಗದ ಇದ್ದರೆ ಬೇರೊಂದು ಯೋಜನೆಯಿದೆ. ಓಡಿಹೋದವನು ಕಾಗದ ಬರೆದುಕೊಟ್ಟು ಹೋಗುತ್ತಾನೆಯೇ? ವೃದ್ಧಾಪ್ಯ ವೇತನಕ್ಕೆ ವಯಸ್ಸು ಸಾಲದು. ಮನೆಯ ಯಜಮಾನಿಗೆ ಕೊಡುವ ದುಡ್ಡಿಗೆ ರೇಷನ್ ಕಾರ್ಡಿನಲ್ಲಿ ಯಜಮಾನಿ ನಾನು, ಅವಳಲ್ಲ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಲು ಆಸ್ಪತ್ರೆಯ ಬಿಲ್ಲು ಬೇಕು. ಕಾರ್ಡಿನಲ್ಲಿ ಆದದ್ದರಿಂದ ಬಿಲ್ಲೇ ಇಲ್ಲ. ಸರ್ಕಾರದ ಯಾವ ಖಾನೆಯಲ್ಲೂ ಅಕ್ಕ ಕೂರುತ್ತಿರಲಿಲ್ಲ. ಸಾಯುವಷ್ಟು ಕಾಯಿಲೆ ಇದ್ದವಳಿಗೆ ಎಂಥದೂ ಇಲ್ಲವಾ ಎಂದು ನಾನು ಕೌಂಟರಿನ ಮುಂದೆಯೇ ಕೇಳಿದೆ. ಪಾಪ, ಆ ಹುಡುಗಿ ಏನು ಹೇಳಿಯಾಳು. ನೀರು ಕುಡಿಯಿರಿ ಎಂದು ತನ್ನ ಬಾಟಲಿ ಕೊಟ್ಟಳು.

ದಾರಿ ತೋರಿಸಿದ್ದು ಪುನರ್ವಸತಿ ಕಾರ್ಯಕರ್ತ. ಅಂಗವಿಕಲರ ಅರ್ಜಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವನಿಗೂ ಒಂದು ಕಾಲು ಪೋಲಿಯೋದಿಂದ ಸಣ್ಣ. ಮೂರು ಗಾಲಿಯ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಿದ್ದ. ಪ್ಯಾಂಟು ಗಿಡ್ಡ ಮಾಡಿಸಲು ಅಂಗಡಿಗೆ ಬಂದವನು ಒಳಗಿಂದ ಅಕ್ಕನ ದನಿ ಕೇಳಿ ವಿಚಾರಿಸಿದ.

"ಕ್ಯಾನ್ಸರಿಗೆ ಅಂತ ಸರ್ಟಿಫಿಕೇಟ್ ಕೊಡಲ್ಲ ಅಕ್ಕ. ಆದ್ರೆ ಅವ್ರಿಗೆ ಸೊಂಟ ಹೋಗೈತಿ, ಕೈ ಹೋಗೈತಿ. ಅದಕ್ಕೆ ಪರ್ಸೆಂಟೇಜ್ ಕೊಡ್ತಾರೆ. ನಲವತ್ತು ದಾಟಿದ್ರೆ ಮಾಸಾಶನ ಆಗ್ತದೆ. ಮುಂದಿನ ತಿಂಗಳು ಸಾಗರದಲ್ಲಿ ಶಿಬಿರ ಐತಿ, ಕರ್ಕಂಡು ಬನ್ನಿ" ಎಂದ. ಅರ್ಜಿಯನ್ನೂ ಅವನೇ ಮೊಬೈಲಿನಲ್ಲಿ ಹಾಕಿದ. ಪ್ಯಾಂಟಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ.

ಶಿಬಿರದ ದಿನ ಅಕ್ಕ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ದಳು. ಸರ್ಕಾರದವರ ಮುಂದೆ ಹೋಗುವಾಗ ನೆಟ್ಟಗೆ ಹೋಗಬೇಕು ಎನ್ನುವುದು ನಮ್ಮ ಅಪ್ಪನ ಕಾಲದಿಂದ ಬಂದದ್ದು. ಅಪ್ಪ ತಾಲ್ಲೂಕು ಕಚೇರಿಗೆ ಹೋಗಬೇಕೆಂದರೆ ಹಿಂದಿನ ದಿನವೇ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಹಾಗೇ ಅಕ್ಕನೂ ಇಸ್ತ್ರಿ ಮಾಡಿದ ಸೀರೆ ಉಡಿಸೆಂದಳು, ಕೀಮೋ ಆದ ಮೇಲೆ ಬಂದ ಗಿಡ್ಡ ಕೂದಲಿಗೆ ಎಣ್ಣೆ ಹಚ್ಚಿ ಕ್ಲಿಪ್ ಹಾಕೆಂದಳು. ರವಿಕೆ ನಾನು ಹೊಲಿದದ್ದು. ಅದನ್ನು ಇಲ್ಲಿ ಹೇಳಲೇಬೇಕು. ಊದಿದ ಎಡತೋಳು ಕಾಣಬಾರದೆಂದು ಕಂಕುಳಲ್ಲಿ ಒಂದು ತುಂಡು ಬಟ್ಟೆ ಸೇರಿಸಿ ತೋಳನ್ನು ಅಗಲ ಮಾಡಿದ್ದೆ. ಎರಡೂ ಒಂದೇ ಥರ ಕಾಣಲೆಂದು ಬಲತೋಳನ್ನೂ ಅಷ್ಟೇ ಅಗಲ, ಮೊಣಕೈವರೆಗೆ ಉದ್ದ ಇಟ್ಟಿದ್ದೆ. ಎಷ್ಟೋ ವರ್ಷದ ಕಸುಬಿನಲ್ಲಿ ಅಷ್ಟು ಚಂದದ ಕೆಲಸ ಮಾಡಿಲ್ಲ. ದಿಟ್ಟಿಸಿ ನೋಡಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬಸ್ಸು ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಅವಳ ಮುಖ ಬೆವರಿತ್ತು. ಗುಳಿಗೆ ಇಡೀ ನುಂಗು ಎಂದೆ. ಕೇಳಲಿಲ್ಲ. ಸಾಗರದಲ್ಲಿ ಆಟೋ ಇಳಿದ ಮೇಲೆ ವಾಕರ್ ಕೂಡ ಬೇಡವೆಂದಳು. "ಅದನ್ನು ಹಿಡ್ಕಂಡು ಅಷ್ಟು ಜನರ ಮಧ್ಯ ಹ್ಯಾಗೆ ಹೋಗೋದೇ?" ನನ್ನ ಹೆಗಲ ಮೇಲೆ ಕೈಯಿಟ್ಟು, ಯಾರೋ ಗೆಳತಿಯ ಹೆಗಲ ಮೇಲೆ ಇಟ್ಟ ಹಾಗೆ, ನಡೆದಳು. ಅವಳ ಉಗುರು ನನ್ನ ಭುಜಕ್ಕೆ ಇಳಿದಿತ್ತು.

ನಮ್ಮ ಕಡೆ ಒಂದು ರೂಢಿ ಇದೆ. ಎದುರಿಗೆ ಸಿಕ್ಕವರು ಆರಾಮಾ ಎಂದು ಕೇಳುತ್ತಾರೆ, ಆರಾಮ ಎಂದು ಹೇಳಬೇಕು. ಜ್ವರ ಬಂದಿರಲಿ, ಮನೆಯಲ್ಲಿ ಸಾವಾಗಿರಲಿ, ಮೊದಲ ಮಾತು ಆರಾಮವೇ. ಉಳಿದದ್ದೆಲ್ಲ ಆಮೇಲೆ, ಕೂತು ಕಾಫಿ ಕುಡಿದ ಮೇಲೆ. ಶಿಬಿರದ ಡಾಕ್ಟರು ಒಳ್ಳೆಯವರು, ನಮ್ಮ ಕಡೆಯವರೇ. ತಲೆಯೆತ್ತಿ ನಕ್ಕು, "ಆರಾಮೇನಮ್ಮಾ?" ಎಂದರು. "ಆರಾಮ ಸಾರ್" ಎಂದಳು ಅಕ್ಕ. ಕೈ ಎತ್ತಿ ಎಂದರು, ಹಲ್ಲು ಕಚ್ಚಿ ಎತ್ತಿದಳು. ನಡೆಯಿರಿ ಎಂದರು, ನಾಲ್ಕು ಹೆಜ್ಜೆ ನಡೆದಳು. ಸ್ನಾನ, ಬಟ್ಟೆ ಎಲ್ಲ ಯಾರು ಮಾಡಿಸುತ್ತಾರೆ ಎಂದು ಕೇಳಿದರು. "ನಾನೇ ಮಾಡ್ಕಳ್ತೀನಿ, ಅವ್ಳಿಗೆ ಎಂತಕ್ಕೆ ತೊಂದ್ರೆ" ಎಂದು ನನ್ನ ಕಡೆ ನೋಡಿ ನಕ್ಕಳು. ಹೊರಗೆ ಸಾಲು ಗೇಟಿನವರೆಗೆ ಇತ್ತು. ಡಾಕ್ಟರು ಹೆಚ್ಚು ಕೇಳದೆ ಬರೆದುಕೊಂಡರು. ದೊಡ್ಡವಳ ಮಾತಿನ ಮೇಲೆ ನನ್ನ ಮಾತು ಹೇಗೆ ಆಡುವುದು ಎಂದುಕೊಂಡೆ.

ಮೂವತ್ತೆರಡು ಪರ್ಸೆಂಟ್ ಬಂತು.

ಕಾರ್ಯಕರ್ತ ಕಾಗದ ನೋಡಿ ತಲೆ ಚಚ್ಚಿಕೊಂಡ. "ಮದ್ವೆ ಮನೆಗೆ ಹೊರಟಂಗೆ ಹೋದ್ರೆ ಅವ್ರು ಎಂತ ಬರೀತಾರೆ ಹೇಳಿ? ನಾನು ಇಷ್ಟು ವರ್ಷದಿಂದ ನೋಡ್ತಿದೀನಿ, ನಮ್ಮೋರೆಲ್ಲ ಹಿಂಗೇ. ಹಾಸಿಗೆ ಹಿಡಿದೋರನ್ನೂ ಪೌಡರ್ ಹಚ್ಚಿ ತರ್ತಾರೆ." ಮತ್ತೆ ಅರ್ಜಿ ಹಾಕಬಹುದು, ಕಾಯಿಲೆ ಜಾಸ್ತಿಯಾಗಿದೆ ಎಂದು ಬರೆದು ಮರುತಪಾಸಣೆ ಕೇಳೋಣ ಎಂದ. ಅವಳು ಆರಾಮ ಎನ್ನಬಾರದು, ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದೂ ಹೇಳಿದ.

ಆ ನಡುವಿನ ತಿಂಗಳುಗಳಲ್ಲಿ ಅಕ್ಕ ಇಳಿದುಹೋದಳು. ನಾನು ಎಬ್ಬಿಸಿದರೆ ಏಳುವುದು, ಕೂರಿಸಿದರೆ ಕೂರುವುದು. ಗುಳಿಗೆ ಮಾತ್ರ ಅರ್ಧವೇ. ಕದ್ದು ಇಡೀ ಗುಳಿಗೆ ಪುಡಿ ಮಾಡಿ ಗಂಜಿಗೆ ಹಾಕಿದೆ ಒಂದು ದಿನ. ಜೀವನವೆಲ್ಲ ಅಡುಗೆ ಮಾಡಿದವಳ ನಾಲಗೆ ಅದು, ಮೊದಲ ಚಮಚಕ್ಕೇ ಗೊತ್ತಾಯಿತು. ತಟ್ಟೆ ದೂಡಿ ಎರಡು ಹೊತ್ತು ಉಪವಾಸ ಮಲಗಿದಳು. ಅಂಥ ಹಟಮಾರಿ.

ಎರಡನೇ ಸಲ ಕಾರು ಮಾಡಿಕೊಂಡು ಹೋದೆವು. ಹೊರಡುವಾಗ ನಾನು ಹಳೆ ನೈಟಿಯ ಮೇಲೆ ಒಂದು ಶಾಲು ಹೊದೆಸಿದೆ. ಕ್ಲಿಪ್ ಎಲ್ಲಿ ಎಂದಳು, ಕಳೆದಿದೆ ಎಂದೆ. ದಾರಿಯುದ್ದಕ್ಕೂ ಮಕ್ಕಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ: ಆರಾಮಾ ಅಂತ ಕೇಳಿದರೆ ಇಲ್ಲ ಅನ್ನು, ಸ್ನಾನ ಯಾರು ಮಾಡಿಸುತ್ತಾರೆ ಅಂದರೆ ತಂಗಿ ಅನ್ನು. "ಆತು ಮಾರಾಯ್ತಿ, ಎಷ್ಟು ಸಲ ಹೇಳ್ತಿ" ಎಂದು ಕಣ್ಣು ಮುಚ್ಚಿಕೊಂಡಳು. ಹೇಳುತ್ತಾಳೆ ಎಂದೇ ನಾನು ನಂಬಿದ್ದೆ.

ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದೆ. ಡಾಕ್ಟರು ಬೇರೆಯವರು. ಪಕ್ಕದಲ್ಲಿ ರಿಜಿಸ್ಟರ್ ಬರೆಯುತ್ತಿದ್ದ ನರ್ಸಮ್ಮ ಹೆಸರು ಕೇಳಿದವಳೇ ಪೆನ್ನು ಕೆಳಗಿಟ್ಟು ಎದ್ದುಬಂದಳು. "ಅಯ್ಯೋ, ಹಾಸ್ಟೆಲ್ಲಿನ ಅಡುಗೆ ಅಕ್ಕ ಅಲ್ವಾ ನೀವು?" ತೀರ್ಥಹಳ್ಳಿಯಲ್ಲಿ ಮೂರು ವರ್ಷ ಅಕ್ಕನ ಕೈ ಅಡುಗೆ ಉಂಡವಳಂತೆ. ಡಾಕ್ಟರ ಕಡೆ ತಿರುಗಿ, ಇವರು ಎಷ್ಟು ಗಟ್ಟಿ ಹೆಂಗಸು ಗೊತ್ತಾ ಸಾರ್, ಅರವತ್ತು ಹುಡುಗೀರಿಗೆ ಒಬ್ಬರೇ ಚಪಾತಿ ಲಟ್ಟಿಸುತ್ತಿದ್ದರು, ನನಗೆ ಜ್ವರ ಬಂದಾಗ ಮೆಣಸಿನ ಸಾರು ಮಾಡಿ ಕೋಣೆಗೇ ತಂದು ಕೊಟ್ಟಿದ್ದರು ಎಂದೆಲ್ಲ ಹೇಳಿದಳು.

ನಾನು ಅಕ್ಕನನ್ನೇ ನೋಡುತ್ತಿದ್ದೆ. ಅವಳು ಕುರ್ಚಿಯ ಕೈ ಹಿಡಿದು ಸೊಂಟ ನೆಟ್ಟಗೆ ಮಾಡಿಕೊಂಡಳು. ಶಾಲನ್ನು ಸೆರಗಿನ ಹಾಗೆ ಸರಿಮಾಡಿಕೊಂಡಳು. ಎಷ್ಟೋ ತಿಂಗಳಿಂದ ನಾನು ಕಾಣದ ಮುಖ ಅದು. ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

"ಈಗ ಹೆಂಗಿದೀರಿ ಅಕ್ಕ, ಆರಾಮಾ?" ಎಂದು ಕೇಳಿದಳು ನರ್ಸಮ್ಮ.

"ಆರಾಮ ಇದೀನಿ ಮಗಾ. ಎಂತ ಇಲ್ಲ. ಒಂದು ಸ್ವಲ್ಪ ಸೊಂಟ ನೋವು, ಅಷ್ಟೇ. ನನ್ನ ಕೆಲ್ಸ ಎಲ್ಲ ನಾನೇ ಮಾಡ್ಕಳ್ತೀನಿ."

ಡಾಕ್ಟರ ಪೆನ್ನು ಕಾಗದದ ಮೇಲೆ ಇಳಿಯಿತು.

ನಾನು ಸುಮ್ಮನಿರಬಹುದಿತ್ತು. ಅಕ್ಕನನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಬಂದು, ಡಾಕ್ಟರ ಹತ್ತಿರ ಮೆಲ್ಲಗೆ ಹೇಳಬಹುದಿತ್ತು. ಅದು ಈಗ ಹೊಳೆಯುತ್ತದೆ. ಆಗ ನನಗೆ ಕಂಡದ್ದು ಕಾಗದದ ಮೇಲೆ ಹರಿಯುವ ಪೆನ್ನು ಮಾತ್ರ. "ಸುಳ್ಳು ಸಾರ್, ಎಲ್ಲ ಸುಳ್ಳು" ಎಂದು ಕೂಗಿಬಿಟ್ಟೆ. ಶಾಲು ಎಳೆದು ನೈಟಿಯ ತೋಳು ಮೇಲಕ್ಕೆ ಸರಿಸಿ ಊದಿದ ಕೈ ತೋರಿಸಿದೆ. ಇವಳಿಗೆ ಏಳಲಿಕ್ಕೆ ಬರುವುದಿಲ್ಲ ಎಂದೆ. ತಲೆ ಬಾಚುವವಳು ನಾನು, ತಿನ್ನಿಸುವವಳು ನಾನು ಎಂದೆ. ಎರಡು ತಿಂಗಳಿಂದ ಹಾಸಿಗೆಯಲ್ಲೇ ಆಗುತ್ತದೆ ಸಾರ್, ಬಟ್ಟೆ ಬದಲಿಸಿ ಬೆಳಿಗ್ಗೆ ಸಂಜೆ ತೊಳೆಯುವವಳು ನಾನು ಎಂದೂ ಹೇಳಿದೆ. ಬಾಗಿಲು ತೆರೆದೇ ಇತ್ತು. ಸಾಲಿನಲ್ಲಿದ್ದವರು ಇಣುಕಿದರು. ನರ್ಸಮ್ಮ ನೆಲ ನೋಡುತ್ತಾ ನಿಂತಳು.

ಅಕ್ಕ ಬಲಗೈಯಿಂದ ನೈಟಿಯ ತೋಳನ್ನು ಕೆಳಗೆಳೆಯಲು ನೋಡಿದಳು, ಅದು ಊದಿದ ಕೈಗೆ ಸಿಕ್ಕಿಕೊಂಡು ಬರಲಿಲ್ಲ.

ಅರವತ್ತೈದು ಪರ್ಸೆಂಟ್ ಬರೆದುಕೊಟ್ಟರು. ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ನಾನು ದಾರಿಯುದ್ದಕ್ಕೂ ಮಾತಾಡಿದೆ. ಇನ್ನು ತಿಂಗಳೊಳಗೆ ಆಗುತ್ತದಂತೆ, ಬ್ಯಾಂಕಿನ ಕೆಲಸ ಅಷ್ಟೇ ಬಾಕಿ ಎಂದೆಲ್ಲ. ಗೆದ್ದವಳ ಮಾತು. ಹೊಸನಗರ ಬಂದಾಗ ಡ್ರೈವರಿಗೆ "ನಿಧಾನ ಬಂದ್ಯಪ್ಪ, ಪುಣ್ಯ ಬರ್ಲಿ" ಎಂದಳು.

ಮರುದಿನ ಬೆಳಿಗ್ಗೆ ಬಿಸಿನೀರು ತೆಗೆದುಕೊಂಡು ಕೋಣೆಗೆ ಹೋದರೆ, ಪಕ್ಕದ ಮನೆಯವಳು ಮಂಚದ ಹತ್ತಿರ ನಿಂತಿದ್ದಳು. ಅಕ್ಕ ಕಿಟಕಿಯಿಂದ ಅವಳನ್ನು ಕರೆದಿದ್ದಳಂತೆ. "ನೀ ಹೋಗಿ ಹೊಲಿ. ಗಿರಾಕಿ ಕಾಯ್ತಿದಾರೆ. ಇವ್ಳು ನೋಡ್ಕಳ್ತಾಳೆ" ಎಂದಳು ಅಕ್ಕ. ನಾನು ಬಕೆಟ್ ಇಟ್ಟು ಹೊರಗೆ ಬಂದೆ. ಗಿರಾಕಿ ಯಾರೂ ಇರಲಿಲ್ಲ. ಪಕ್ಕದವಳಿಗೆ ನನ್ನ ಮುಖ ನೋಡಲು ನಾಚಿಕೆ. "ಎಂತ ಮಾಡದು ಅಕ್ಕ, ಹಟ ಮಾಡ್ತಾರೆ" ಎಂದಳು ಆಮೇಲೆ. ಅವಳು ಪುಣ್ಯಾತ್ಗಿತ್ತಿ, ಒಂದು ದಿನವೂ ಬೇಸರಿಸಲಿಲ್ಲ.

ಅದು ಒಂದು ದಿನದ ಸಿಟ್ಟು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅಕ್ಕ ನನ್ನ ಹತ್ತಿರ ಮಾತು ಬಿಡಲಿಲ್ಲ. ಹಾಲು ಬಂತಾ, ಕರೆಂಟು ಹೋಯಿತಾ, ನಿನ್ನ ಗಂಡ ಫೋನ್ ಮಾಡಿದನಾ ಎಲ್ಲ ಕೇಳುತ್ತಿದ್ದಳು. ನಾನು ಕೊಟ್ಟದ್ದು ತಿನ್ನುತ್ತಿದ್ದಳು. ಆದರೆ ಮೈ ಮುಟ್ಟಲು ಬಿಡಲಿಲ್ಲ. ಬಟ್ಟೆ ಬದಲಿಸುವ ಹೊತ್ತಿಗೆ ನಾನು ಒಳಗೆ ಕಾಲಿಟ್ಟರೆ ಹೊದಿಕೆ ಗಲ್ಲದವರೆಗೆ ಎಳೆದುಕೊಳ್ಳುತ್ತಿದ್ದಳು. ಪಕ್ಕದವಳು ತವರಿಗೆ ಹೋದ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಒದ್ದೆಯಲ್ಲೇ ಮಲಗಿದ್ದಳು, ನನ್ನನ್ನು ಕರೆಯಲಿಲ್ಲ. ವಾಸನೆ ಬಂದು ನಾನು ಹೋದರೆ ಹೊದಿಕೆ ಗಟ್ಟಿ ಹಿಡಿದು, ಬೇಡ ಬೇಡ ಎಂದು ಅತ್ತಳು. ಗಂಟು ತೆಗೆಯುವಾಗಲೂ ಅಳದವಳು. ನಾನು ಬಾಗಿಲು ಮುಂದೆ ಮಾಡಿ ಹೊರಗೆ ಕೂತೆ.

ಮಾಸಾಶನ ಬಂತು. ಮೊಬೈಲಿಗೆ ಮೆಸೇಜ್ ಬಂದಾಗ ಓದಿ ಹೇಳಿದೆ. ಎಷ್ಟು ಎಂದು ಕೂಡ ಕೇಳಲಿಲ್ಲ. ಪಕ್ಕದವಳ ಕೈಯಲ್ಲೇ ಗುಳಿಗೆ ತರಿಸಿದಳು, ಅವತ್ತು ಮಧ್ಯಾಹ್ನ ಮೊದಲ ಸಲ ಇಡೀದು ನುಂಗಿದಳು. ಸಂಜೆಯವರೆಗೆ ನಿದ್ದೆ ಮಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹುಬ್ಬಿನ ನಡುವಿನ ಗಂಟು ಬಿಟ್ಟುಹೋಗಿತ್ತು. ಇದಕ್ಕೇ ಅಲ್ಲವೇ ನಾನು ಒದ್ದಾಡಿದ್ದು? ಇದು ಸಿಕ್ಕಿತಲ್ಲ, ಸಾಕು ಎಂದು ಹೇಳಿಕೊಂಡೆ. ಸಾಕಾಗಲಿಲ್ಲ.

ಒಮ್ಮೆ ಮಾತ್ರ ಅದರ ಮಾತು ಬಂತು. ಅವಳಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದೆ. ತಡೆಯಲಾಗದೆ, ನನ್ನದು ತಪ್ಪಾಯಿತು ಅಕ್ಕ ಎಂದೆ.

"ನೀ ಹೇಳಿದ್ದು ಸುಳ್ಳಲ್ಲ ಕಣೆ" ಎಂದಳು. ಸ್ವಲ್ಪ ಹೊತ್ತು ಕಿತ್ತಳೆ ತಿಂದಳು. "ಆದ್ರೆ ಆ ಹುಡುಗಿ ಎದುರಿಗೆ ಹೇಳ್ಬಾರ್ದಿತ್ತು. ನನ್ನ ಕೈಯಲ್ಲಿ ಊಟ ಮಾಡಿದ ಕೂಸು ಅದು. ಇನ್ನು ಆ ಊಟ ನೆನಪಾದಾಗೆಲ್ಲ ಅವ್ಳಿಗೆ ಎಂತ ನೆನಪಾಗ್ತದೆ ಹೇಳು?"

ನಾನು ಸಿಪ್ಪೆ ಒಟ್ಟುಮಾಡಿಕೊಂಡು ಎದ್ದೆ.

ಮೂರನೇ ತಿಂಗಳ ಮಾಸಾಶನ ಬರುವ ಮೊದಲೇ ಅಕ್ಕ ಹೋದಳು. ಬೆಳಿಗ್ಗೆ ಎಂಟರ ಹೊತ್ತು, ಪಕ್ಕದವಳು ಬಂದು ನೋಡಿ ನನ್ನನ್ನು ಕರೆದಳು. ನಮ್ಮವರು ಮಾಸ್ತಿಕಟ್ಟೆಯಿಂದ ಬಂದು ಮುಟ್ಟುವಷ್ಟರಲ್ಲಿ ಅಂಗಳ ತುಂಬಿತ್ತು. ಮೀಯಿಸುವ ಹೊತ್ತಾಯಿತು ಎಂದರು ಯಾರೋ. ನಾನು ದೂರ ಗೋಡೆಗೆ ಒರಗಿ ನಿಂತಿದ್ದೆ. ಅವಳಿಗೆ ಇಷ್ಟವಿಲ್ಲದ್ದು ನನಗೇಕೆ ಎಂದು. ಪಕ್ಕದವಳು ಚೊಂಬು ತಂದು ನನ್ನ ಕೈಯಲ್ಲಿಟ್ಟಳು. "ನೀವೇ ಮಾಡ್ಬೇಕು ಅಕ್ಕ. ಒಡಹುಟ್ಟಿದೋರು."

ಹೆಂಗಸರು ಸುತ್ತ ಸೀರೆ ಹಿಡಿದು ಮರೆ ಮಾಡಿದರು. ಹೊದಿಕೆ ಸರಿಸಿದೆ. ಯಾವ ಕೈಯೂ ಅದನ್ನು ಹಿಡಿದುಕೊಳ್ಳಲಿಲ್ಲ. ಮೊದಲ ಚೊಂಬು ಹೆಗಲ ಮೇಲೆ ಹೊಯ್ದೆ. ಹಂಡೆಯಿಂದ ತೋಡಿದ ನೀರು, ಸ್ವಲ್ಪ ಹೊಗೆಯಾಡುತ್ತಿತ್ತು. ಬಿಸಿ ಜಾಸ್ತಿ ಆಯ್ತೇನೆ ಅಕ್ಕ ಎಂದು ಕೇಳಿದೆ.

ಎರಡನೇ ಚೊಂಬು ತುಂಬಿ ಕೈಯಲ್ಲೇ ಹಿಡಿದುಕೊಂಡು ನಾನು ಕಾದೆ, ಅವಳು ಏನಾದರೂ ಹೇಳಲಿ ಎಂದು.